ಕೆಂಪು ತಲೆಯ ಸ್ಟ್ರೀಮರ್

ಗುಂಡ್ಲುಪೇಟೆಯಲ್ಲಿ ಕೂತು ನಾವು ಇಷ್ಟು ವರ್ಷ ಕಟ್ಟಿದ್ದು ಮೀನಿಗೆ ಹಾಕುವ ಹುಸಿ ತಿಂಡಿ. ಇಂಗ್ಲಿಷಿನಲ್ಲಿ ಅದಕ್ಕೆ ಫ್ಲೈ, ಅಂದರೆ ನೊಣ, ಎನ್ನುತ್ತಾರೆ. ಆದರೆ ನಮ್ಮಲ್ಲಿ ಹೆಚ್ಚಾಗಿ ತಯಾರಾಗುತ್ತಿದ್ದ ಸ್ಟ್ರೀಮರ್‌ಗೂ ನೊಣಕ್ಕೂ ಏನೂ ಸಂಬಂಧವಿಲ್ಲ. ಸ್ಟ್ರೀಮರ್ ಎಂದರೆ ಮರಿಮೀನು. ಉದ್ದನೆಯ ಕೊಕ್ಕೆಯ ಮೇಲೆ ದಾರದಿಂದ ಗರಿ, ಕೂದಲು, ಒಂದೆರಡು ಮಿಂಚಿನ ಎಳೆ ಸೇರಿಸಿ ಬಿಗಿಯುತ್ತೇವೆ. ಒಣಗಿದ್ದಾಗ ಅದು ಬಾಡಿದ ಹೂವಿನಂತೆ ಇರುತ್ತದೆ. ನೀರಿಗೆ ಬಿದ್ದ ಮೇಲೆ ಗರಿಯೆಲ್ಲ ಹಿಂದಕ್ಕೆ ಒರಗಿ, ಬಾಲ ಅಲ್ಲಾಡಿಸಿಕೊಂಡು ಹೋಗುವ ಮರಿಮೀನಾಗುತ್ತದೆ. ತಣ್ಣೀರಿನಲ್ಲಿ ಬದುಕುವ ಟ್ರೌಟ್ ಮೀನು ಅದನ್ನು ನಂಬಿ ಬಾಯಿ ಹಾಕಬೇಕು. ನಂಬುವ ಹಾಗೆ ಕಟ್ಟುವುದೇ ನಮ್ಮ ಕೆಲಸ.

ಹೋದ ವರ್ಷ ನಿವೃತ್ತಳಾದೆ. ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಕಣ್ಣು ಹಾಳಾಗುತ್ತದೆಯೇ, ಬೆರಳಿಗೆ ಕೊಕ್ಕೆ ಚುಚ್ಚಿಕೊಂಡರೆ ಏನು ಮಾಡಬೇಕು ಎಂದೆಲ್ಲ ಕೇಳುತ್ತಾರೆ. ಹೇಳುತ್ತ ಹೇಳುತ್ತ ನಾನು ಯಾವಾಗಲೂ ನೀಲಗಿರಿಯ ಒಂದು ಕೆರೆಯ ದಡಕ್ಕೆ ಬಂದು ನಿಲ್ಲುತ್ತೇನೆ. ಅಲ್ಲಿಂದ ಮುಂದೆ ಮಾತು ಸರಿಯಾಗಿ ಬರುವುದಿಲ್ಲ. ಬರೆದರೆ ಬರಬಹುದು ಎಂದು ಬರೆಯುತ್ತಿದ್ದೇನೆ.

ನಮ್ಮ ಊರು ಚಾಮರಾಜನಗರ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಕೆಲಸ ಸಿಗದೆ ಮನೆಯಲ್ಲಿದ್ದೆ. ಗುಂಡ್ಲುಪೇಟೆಯಲ್ಲಿ ಯಾರೋ ಕೊಡಗಿನವರು ಮೀನಿನ ಗಾಳದ ಘಟಕ ತೆರೆದಿದ್ದಾರೆ, ಓದಿದವರು ಬೇಕಂತೆ ಎಂದು ಕೇಳಿ ಹೋದೆ. ಅವರೇ ಪೊನ್ನಪ್ಪ ಸರ್. ಕಾಫಿ ತೋಟವನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಂದವರು. ಎತ್ತರದ ಆಳು, ದಪ್ಪ ಮೀಸೆ, ಟ್ರೌಟ್ ಎಂದರೆ ಹುಚ್ಚು. ವರ್ಷವರ್ಷವೂ ಪರವಾನಗಿ ಪಡೆದು ನೀಲಗಿರಿಯ ಕೆರೆಗಳಿಗೆ ಮೀನು ಹಿಡಿಯಲು ಹೋಗುವಾಗ ದಾರಿಯಲ್ಲಿ ಗುಂಡ್ಲುಪೇಟೆಯಲ್ಲಿ ಟೀ ಕುಡಿಯುತ್ತಿದ್ದರಂತೆ. ಬಸ್‌ಸ್ಟ್ಯಾಂಡಿನ ಹೂವಿನ ಹೆಂಗಸರು ಗಿರಾಕಿಯ ಮುಖ ನೋಡಿಕೊಂಡು, ಜಗಳ ಆಡಿಕೊಂಡು, ಕೈಯನ್ನು ಒಮ್ಮೆಯೂ ನೋಡದೆ ಮಾರುಗಟ್ಟಲೆ ಹೂ ಕಟ್ಟುವುದನ್ನು ಅಲ್ಲಿ ಕಂಡರು. ‘ಈ ಬೆರಳು ಇಲ್ಲಿರುವಾಗ ನಾನು ಬೇರೆ ಊರು ಹುಡುಕುವುದು ಎಂತಕ್ಕೆ’ ಎಂದು ಅಲ್ಲೇ ಬಾಡಿಗೆಗೆ ಕಟ್ಟಡ ನೋಡಿದರಂತೆ.

ನನ್ನನ್ನು ಕೂರಿಸಿಕೊಂಡು ಕೇಳಿದರು: “ಟ್ರೌಟ್ ಬಗ್ಗೆ ಏನು ಗೊತ್ತು?”

ನಾನು ವರ್ಗ, ಕುಟುಂಬ, ರೆಕ್ಕೆಗಳ ರಚನೆ ಎಲ್ಲವನ್ನೂ ಒಪ್ಪಿಸಿದೆ. ಪೂರ್ತಿ ಕೇಳಿದರು. ಮಧ್ಯೆ ಒಂದು ಸಲವೂ ತಡೆಯಲಿಲ್ಲ.

“ಅದಕ್ಕೆ ಹಸಿವಾದರೆ ಏನು ಮಾಡ್ತದೆ?”

“ಗೊತ್ತಿಲ್ಲ ಸರ್.”

“ನನಗೂ ಪೂರ್ತಿ ಗೊತ್ತಿಲ್ಲ. ನಾಳೆಯಿಂದ ಬನ್ನಿ.”

ಹಾಗೆ ನಾನು ತಪಾಸಣೆಯ ಮೇಜಿಗೆ ಸೇರಿದೆ. ಕಟ್ಟಿದ ಒಂದೊಂದು ಸ್ಟ್ರೀಮರನ್ನೂ ಬೆಳಕಿಗೆ ಹಿಡಿದು ನೋಡಿ, ಪಾಸು ಮಾಡುವುದು ಇಲ್ಲವೇ ಬಿಚ್ಚಿಸುವುದು. ದಿನವೂ ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಮೊದಲ ವಾರ ಕಂಡಕ್ಟರ್ ಕೇಳಿದ, “ಗುಂಡ್ಲುಪ್ಯಾಟೇಲಿ ಯಾವ್ ಆಪೀಸು ಮೇಡಂ?”

“ಮೀನಿನ ಗಾಳ ಕಟ್ಟೋ ಕಡೆ.”

“ಯಾವ್ ಮೀನ್ಗೆ?”

“ಟ್ರೌಟ್ ಅಂತ.”

“ಅದ್ ಎಲ್ಲದೆ ಈ ಕಡೆ?”

“ಈ ಕಡೆ ಇಲ್ಲ.”

ಅವನು ಚಿಲ್ಲರೆ ಕೊಟ್ಟು, ನನ್ನನ್ನು ಒಂದು ಸಲ ಚೆನ್ನಾಗಿ ನೋಡಿ, ಮುಂದಿನ ಸೀಟಿಗೆ ಹೋದ.

ಕಟ್ಟುವವರ ಸಾಲಿನ ತಲೆಯಾಳು ಮಹದೇವಮ್ಮ. ತೆರಕಣಾಂಬಿ ಹತ್ತಿರದ ಹಳ್ಳಿಯವಳು, ನನಗಿಂತ ಹತ್ತಾರು ವರ್ಷ ದೊಡ್ಡವಳು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಶಿವಪೂಜೆಯ ಮನೆ, ಮೊಟ್ಟೆ ಕೂಡ ಹೊಸಿಲು ದಾಟುವಂತಿಲ್ಲ. ಹೂ ಕಟ್ಟುವುದರಲ್ಲಿ ತನ್ನನ್ನು ಮೀರಿಸುವವರು ಮೈಸೂರಿನ ಈಚೆಗೆ ಯಾರೂ ಇಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಮೀನಿನ ಕೊಕ್ಕೆ ಮುಟ್ಟುವ ಕೆಲಸಕ್ಕೆ ಅವಳ ಅತ್ತೆ ಒಪ್ಪಿರಲಿಲ್ಲ. ಮಹದೇವಮ್ಮ ಅತ್ತೆಗೆ ಹೇಳಿದ ಉತ್ತರ ನಮ್ಮ ಘಟಕದಲ್ಲಿ ಗಾದೆಯಾಗಿ ಉಳಿಯಿತು: “ನಾನು ಗರಿ ಕಟ್ಟೋದಷ್ಟೇ ಕಣತ್ತೆ. ಕಚ್ಚೋದು ಬುಡೋದು ಮೀನಿಗ್ ಬುಟ್ಟದ್ದು.” ಆದರೂ ಸಂಜೆ ಸ್ನಾನ ಮಾಡದೆ ಅಡುಗೆಮನೆಗೆ ಹೋಗುತ್ತಿರಲಿಲ್ಲ.

ಹೊಸಬರು ಮೊದಲು ತಿಳಿಯಬೇಕಾದ ತಪ್ಪು ಒಂದಿದೆ. ಅದನ್ನು ನಮ್ಮ ಕಡೆಯವರು ಮಾತ್ರ ಮಾಡಲು ಸಾಧ್ಯ. ಹೂ ಕಟ್ಟುವವರಿಗೆ ಒತ್ತಾಗಿ ಕಟ್ಟುವುದು ಮರ್ಯಾದೆಯ ವಿಷಯ. ನಾರು ಕಾಣುವಂತೆ ತೆಳ್ಳಗೆ ಕಟ್ಟಿದರೆ ಗಿರಾಕಿಗೆ ಮೋಸ ಮಾಡಿದ ಹಾಗೆ. ಮಹದೇವಮ್ಮನ ಸಾಲು ಮೊದಲು ಕಟ್ಟಿದ ಸ್ಟ್ರೀಮರುಗಳನ್ನು ನೋಡಿ ನಾನು ಬೆರಗಾದೆ. ಒಂದೊಂದೂ ಚೆಂಡುಹೂವಿನಷ್ಟು ತುಂಬಿಕೊಂಡಿತ್ತು. ಎಲ್ಲವನ್ನೂ ಪಾಸು ಮಾಡಿದೆ. ಪೊನ್ನಪ್ಪ ಸರ್ ಒಂದನ್ನು ತೆಗೆದುಕೊಂಡು ಹಿತ್ತಲಿನ ಗಾಜಿನ ತೊಟ್ಟಿಗೆ ಹಾಕಿ ದಾರದಿಂದ ಎಳೆದರು. ಅದು ಮುಳುಗಲೂ ಇಲ್ಲ, ಅಲ್ಲಾಡಲೂ ಇಲ್ಲ. ನೆನೆದ ಹೇಂಟೆಯ ಹಾಗೆ ಬಂತು.

“ಇದು ಮೀನೋ ಕೋಳಿಯೋ, ನೀವೇ ಹೇಳಿ.”

“ಕಮ್ಮಿ ಆಕುದ್ರೆ ಚೆಂದ ಇರಾಕಿಲ್ಲ ಕಣಿ ಸಾ,” ಅಂದಳು ಮಹದೇವಮ್ಮ.

“ಚೆಂದ ಯಾರಿಗೆ? ನಿಮಗೋ ಮೀನಿಗೋ?”

“ಕೊಳ್ಳೋರ್ಗೆ. ಒಂದಿಡಿ ಗರಿ ಆಕೊ ಕಡೆ ನಾಕೆಳೆ ಆಕುದ್ರೆ ನಮ್ಮ ತೆರಕಣಾಂಬಿ ಸಂತೇಲಿ ಮೊಕುಕ್ಕೆ ಎಸೀತಾರೆ.”

ಸರ್ ರೇಗಿದರು. ಅವರ ರೇಗು ಪ್ರಸಿದ್ಧ, ಕಟ್ಟಡದ ಹೊರಗೆ ನಿಂತ ಆಟೋದವರಿಗೂ ಕೇಳುವಂಥದು. ಆದರೆ ಐದು ನಿಮಿಷದ ಮೇಲೆ ಅವರೇ ಬಂದು ನೆಲದ ಮೇಲೆ, ಸಾಲಿನ ಮಧ್ಯೆ ಕೂತು, ಕೊಕ್ಕೆಗೆ ಚಿಟಿಕೆಯಷ್ಟೇ ಗರಿ ಕಟ್ಟಿ, ಎಲ್ಲರನ್ನೂ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. ಒಣಗಿದ್ದಾಗ ಬಡಪಾಯಿಯಂತಿದ್ದ ಅದು ನೀರಲ್ಲಿ ಉಸಿರಾಡಿತು. ಎಳೆದಾಗ ಸಣ್ಣದಾಯಿತು, ಬಿಟ್ಟಾಗ ಉಬ್ಬಿತು. ಹೆಂಗಸರೆಲ್ಲ ಬಗ್ಗಿ ನೋಡಿದರು. ಮಹದೇವಮ್ಮ, “ಮೀನೂ ನಮ್ಮತ್ತೆ ತರಾನೇ ಬುಡಿ. ಕಮ್ಮಿ ತೋರ್ಸುದ್ರೇನೇ ಹತ್ರುಕ್ಕೆ ಬರೋದು,” ಅಂದಳು. ಅಂದಿನಿಂದ ನಮ್ಮಲ್ಲಿ ತೆಳ್ಳಗೆ ಕಟ್ಟುವುದು ಶುರುವಾಯಿತು. ಇವತ್ತಿಗೂ ಹೊಸಬರ ಕೈ ಒಂದು ತಿಂಗಳು ಒತ್ತಾಗೇ ಕಟ್ಟುತ್ತದೆ. ಬೈಯಬೇಡಿ, ತೊಟ್ಟಿಗೆ ಕರೆದುಕೊಂಡು ಹೋಗಿ.

ಪೊನ್ನಪ್ಪ ಸರ್ ಹತ್ತಿರ ನಾನು ಕಲಿತದ್ದು ಕೆಲಸವೊಂದೇ ಅಲ್ಲ. ಒಮ್ಮೆ ಕಾಡಂಚಿನ ಕಡೆಯಿಂದ ಒಬ್ಬ ನವಿಲುಗರಿಯ ಕಟ್ಟು ತಂದ. ಅದರ ಎಳೆ ನಮ್ಮ ಕೆಲಸಕ್ಕೆ ಬಹಳ ಚೆನ್ನ, ಹೊರದೇಶದ ಗಿರಾಕಿಗಳು ಕೇಳುತ್ತಲೂ ಇದ್ದರು. ಹೊರಗೆ ಕಳಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಆತ, “ಉದುರಿದ್ದೇ ಕಣಿ, ಯಾರ್ಗೂ ಗೊತ್ತಾಗಾಕಿಲ್ಲ,” ಅಂದ. ಸರ್ ಗೇಟಿನ ತನಕ ಅವನ ಜೊತೆ ನಡೆದು, “ಬಂಡೀಪುರದ ಬಾಗಿಲಲ್ಲಿ ಕೂತು ಈ ಮಾತು ಆಡ್ತೀಯಲ್ಲ ಮಾರಾಯ, ನಿನಗೆ ನಾಚಿಕೆ ಇಲ್ಲದಿದ್ದರೂ ನನಗಿದೆ,” ಎಂದು ಹೇಳಿ ಕಳಿಸಿದರು. ಆಮೇಲೆ ಹುಂಜದ ಗರಿಗೇ ಬಣ್ಣ ಹಾಕಿ ಆ ಹೊಳಪು ತರಲು ಒಂದು ಮಳೆಗಾಲವೆಲ್ಲ ಪ್ರಯತ್ನಿಸಿದೆವು. ಪೂರ್ತಿ ಬರಲಿಲ್ಲ. ಬಂದಷ್ಟಕ್ಕೇ ಗಿರಾಕಿಗಳು ಒಪ್ಪಿದರು.

ಇನ್ನೊಂದು ಹಟ ಅವರಿಗಿತ್ತು. ಕಟ್ಟುವವರಿಗೆ ಗಾಳ ಬೀಸಲೂ ಬರಬೇಕು. ಭಾನುವಾರ ಬೆಳಿಗ್ಗೆ ನಮ್ಮನ್ನು ಊರ ಕೆರೆಯ ಏರಿಗೆ ಕರೆದುಕೊಂಡು ಹೋಗಿ ಕೈಗೆ ಗಾಳದ ಕೋಲು ಕೊಡುತ್ತಿದ್ದರು. ಇದರ ದಾರ ದಪ್ಪ, ತೂಕವೆಲ್ಲ ದಾರದಲ್ಲೇ ಇರುತ್ತದೆ. ಕೋಲನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಆಡಿಸಿ ಗಾಳಿಯಲ್ಲೇ ದಾರ ಬಿಚ್ಚಿ ಬಿಡಬೇಕು. ನನ್ನದು ಪ್ರತಿ ಸಲ ಲಂಟಾನ ಪೊದೆಗೆ ಸಿಕ್ಕಿಕೊಳ್ಳುತ್ತಿತ್ತು. ಮಹದೇವಮ್ಮ ಸೆರಗು ಸಿಕ್ಕಿಸಿ ನಿಂತಳೆಂದರೆ ನೀರಿನ ಮೇಲೆ ತೇಲಿಬಿಟ್ಟ ಮೊರದೊಳಗೆ ಸ್ಟ್ರೀಮರ್ ಇಳಿಯುತ್ತಿತ್ತು. ಏರಿಯ ಮೇಲೆ ದನ ಮೇಯಿಸುವವರು ಕೂತು ಚಪ್ಪಾಳೆ ಹೊಡೆಯುತ್ತಿದ್ದರು. ಅವಳು ಅವರಿಗೆ, “ಕಾಸ್ ಮಡುಗಿ, ಪುಕ್ಸಟ್ಟೆ ನೋಡ್ಬ್ಯಾಡಿ,” ಎನ್ನುತ್ತಿದ್ದಳು.

ಸರ್ ಹೇಳುತ್ತಿದ್ದುದು ಇಷ್ಟು: ಹೊಳೆಯಲ್ಲಿ ನೀರೇ ಸ್ಟ್ರೀಮರಿಗೆ ಜೀವ ಕೊಡುತ್ತದೆ. ನಿಂತ ನೀರಿನಲ್ಲಿ ಆ ಜೀವವನ್ನು ನಿಮ್ಮ ಕೈಯೇ ಕೊಡಬೇಕು. ಬೀಸಿ, ಮುಳುಗಲು ಬಿಡಿ. ಎಡಗೈಯಿಂದ ದಾರವನ್ನು ಒಂದು ಗೇಣು ಎಳೆಯಿರಿ, ನಿಲ್ಲಿಸಿ. ಮತ್ತೆ ಎಳೆಯಿರಿ. ಮೀನು ಹಿಡಿಯುವುದು ನೀವು ಎಳೆದಾಗಲ್ಲ, ನಿಲ್ಲಿಸಿದಾಗ. ಇನ್ನು ದೊಡ್ಡ ಮೀನು ಸಿಕ್ಕಿದರೆ ಎದುರಿಗೆ ಎಳೆಯಬೇಡಿ, ಕಿತ್ತುಹೋಗುತ್ತದೆ. ದಡದಗುಂಟ ನಡೆದುಕೊಂಡು ಪಕ್ಕಕ್ಕೆ ಕರೆದುಕೊಂಡು ಹೋಗಿ. ‘ಎಳೆಯುವುದಲ್ಲ, ಕರೆಯುವುದು’ ಎಂಬುದು ಅವರ ಮಾತು. ಕೆರೆಯ ಗೆಂಡೆಮೀನುಗಳನ್ನು ಮಹದೇವಮ್ಮ ಹಾಗೆ ಕರೆದು ಕರೆದು ದಡದ ತನಕ ತರುತ್ತಿದ್ದಳು. ಅಲ್ಲಿಗೆ ಬಂದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, “ಬಿಡ್ಸಿ ಸಾ, ನಾನ್ ಮುಟ್ಟಾಕಿಲ್ಲ,” ಎಂದು ಮುಖ ತಿರುಗಿಸುತ್ತಿದ್ದಳು. ಮೀನು ನೀರಿಗೆ ವಾಪಸ್ಸು ಹೋಗುತ್ತಿತ್ತು.

ಕಾಲ ಬದಲಾಯಿತು. ಮೊದಲು ಕಟ್ಟಿದ ತಲೆಗೆ ವಾರ್ನಿಷ್ ಹಚ್ಚಿ ರಾತ್ರಿಯೆಲ್ಲ ಒಣಗಿಸುತ್ತಿದ್ದೆವು, ಈಗ ಅಂಟು ಹಾಕಿ ನೀಲಿ ದೀಪ ಹಿಡಿದರೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಮೊದಲು ಮಾದರಿಯನ್ನು ಪಾರ್ಸೆಲ್ ಕಳಿಸಿ ಕಾಯುತ್ತಿದ್ದೆವು, ಈಗ ತೊಟ್ಟಿಯಲ್ಲಿ ಓಡಾಡಿಸಿ ಮೊಬೈಲಿನಲ್ಲಿ ವಿಡಿಯೊ ಕಳಿಸುತ್ತೇವೆ. ಗಿರಾಕಿಗಳ ಬಯಕೆಯೂ ಬದಲಾಯಿತು. ಎರಡು ಕೊಕ್ಕೆಯ ಉದ್ದ ಸ್ಟ್ರೀಮರ್ ಬೇಕು ಎಂದರು. ಮುಂದೆ ಒಂದು ಕೊಕ್ಕೆ, ಅದರ ಮೊನೆ ಕತ್ತರಿಸಿ ಬರೀ ಕಡ್ಡಿ ಮಾತ್ರ ಉಳಿಸಿರುತ್ತೇವೆ. ಅದರ ಹಿಂದೆ ಹೆಣೆದ ಗಟ್ಟಿ ದಾರದ ತುಂಡಿನಿಂದ ಇನ್ನೊಂದು ಕೊಕ್ಕೆ. ನಡುವೆ ಬಳುಕುವುದರಿಂದ ನಿಜವಾದ ಮೀನಿನಂತೆಯೇ ಈಜುತ್ತದೆ. ಮೀನು ಸಿಕ್ಕುವುದು ಹಿಂದಿನ ಕೊಕ್ಕೆಗೆ. ಹಾಗಾಗಿ ಎಲ್ಲ ಭಾರವೂ ಆ ನಡುವಿನ ಜೋಡಣೆಯ ಮೇಲೆ.

ಮೊದಲ ದೊಡ್ಡ ಕಂತಿಗೇ ದೂರು ಬಂತು. ಮೀನು ಜಗ್ಗಿದರೆ ಹಿಂದಿನ ಕೊಕ್ಕೆ ದಾರದ ಸಮೇತ ಕಿತ್ತುಕೊಂಡು ಹೋಗುತ್ತಿದೆ. ನಾವು ಗಟ್ಟಿ ದಾರವನ್ನು ಕಡ್ಡಿಯ ಮೇಲೆ ನೇರವಾಗಿ ಮಲಗಿಸಿ, ಮೇಲೆ ಸುತ್ತಿ, ಅಂಟು ಹಾಕುತ್ತಿದ್ದೆವು. ಹೊರಗಿನಿಂದ ನೋಡಿದರೆ ದೋಷ ಕಾಣುವುದಿಲ್ಲ. ಕೈಯಲ್ಲಿ ಎಳೆದರೂ ಒಮ್ಮೊಮ್ಮೆ ತಡೆಯುತ್ತದೆ, ಒಮ್ಮೊಮ್ಮೆ ಸರ್ರನೆ ಬರುತ್ತದೆ. ಸರ್, ಮಹದೇವಮ್ಮ, ನಾನು ಮೂವರೂ ಕೂತು ಏನೇನೋ ಮಾಡಿ ನೋಡಿದೆವು. ಸರ್ ಹೆಚ್ಚು ಅಂಟು ಎಂದರು, ಆಗಲಿಲ್ಲ. ನಾನು ಒರಟು ದಾರ ಎಂದೆ, ಸ್ವಲ್ಪ ವಾಸಿಯಾಯಿತು. ಕೊನೆಗೆ ಮಹದೇವಮ್ಮ ಹೂ ಕಟ್ಟುವಾಗ ಬಾಳೆನಾರು ಮುಗಿದರೆ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಹೊಸ ನಾರಿನ ತುದಿಯನ್ನು ಹಿಂದಕ್ಕೆ ಮಡಚಿ, ಆ ಮಡಿಕೆಯ ಮೇಲೆ ಸುತ್ತು ಹಾಕುವುದು. ಎಳೆದಷ್ಟೂ ಮಡಿಕೆ ಬಿಗಿಯುತ್ತದೆ. ದಾರದ ತುದಿಯನ್ನು ಮುಂದಿನ ಕೊಕ್ಕೆಯ ಕಣ್ಣಿನೊಳಗೆ ತೂರಿಸಿ ಹಿಂದಕ್ಕೆ ಮಡಚೋಣ ಎಂದು ನಾನು ಸೇರಿಸಿದೆ. ಸರ್ ಇಕ್ಕಳ ಹಾಕಿ ಎಳೆದರು. ಕೊಕ್ಕೆ ನೆಟ್ಟಗಾಯಿತು, ಜೋಡಣೆ ಬಿಡಲಿಲ್ಲ.

ಆದರೆ ಅವರಿಗೆ ಇಕ್ಕಳದ ಮೇಲೆ ನಂಬಿಕೆಯಿಲ್ಲ. ಮೀನೇ ಹೇಳಬೇಕು. ಹಳೆಯ ಜೋಡಣೆಯವು ಕೆಲವು, ಹೊಸದು ಕೆಲವು ಕಟ್ಟಿ ನೀಲಗಿರಿಯ ಕೆರೆಗೆ ಒಯ್ಯೋಣ, ನೀವಿಬ್ಬರೂ ಬನ್ನಿ ಎಂದರು. ಮೇಲಿನ ಗರಿ ಎರಡಕ್ಕೂ ಒಂದೇ. ಗುರುತಿಗೆ ಹಳೆಯದರ ತಲೆಗೆ ಕೆಂಪು ದಾರ, ಹೊಸದಕ್ಕೆ ಕಪ್ಪು ದಾರ ಸುತ್ತಿದೆವು. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟೆ.

ಬೆಳಿಗ್ಗೆ ಬಂಡೀಪುರದ ಗೇಟು ತೆಗೆಯುತ್ತಿದ್ದಂತೆ ನಮ್ಮ ಜೀಪು ಕಾಡು ದಾಟಿತು. ಮಂಜು ಮುಚ್ಚಿದ್ದ ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ಮಹದೇವಮ್ಮ ಕೂತಲ್ಲಿಂದಲೇ ಕೈ ಮುಗಿದಳು. ಘಾಟಿ ಹತ್ತಿ ಮೇಲೆ ಹೋದಾಗ ಸೀರೆಯ ಮೇಲೆ ಗಂಡನ ಸ್ವೆಟರ್, ತಲೆಗೆ ಮಂಕಿ ಟೋಪಿ ಹಾಕಿಕೊಂಡು, “ಈ ಚಳೀಲಿ ಇರ ಮೀನ್ಗೆ ನಾವು ಗರಿ ಬದ್ಲು ರಗ್ಗು ಕಟ್ಬೇಕಿತ್ತು,” ಅಂದಳು. ಡ್ರೈವರ್ ಜೀಪನ್ನು ಕೆಳಗಿನ ಗೇಟಿನಲ್ಲಿ ನಿಲ್ಲಿಸಿ ಅಲ್ಲೇ ಉಳಿದ. ನಾವು ಮೂವರೂ ನಡೆದು ದಡ ಸೇರಿದೆವು. ಸುತ್ತ ಹುಲ್ಲುಗುಡ್ಡ, ನಡುವೆ ಕಪ್ಪಗಿನ ನಿಂತ ನೀರು. ನಮ್ಮ ಬೆನ್ನ ಹಿಂದಿನಿಂದ ಸಣ್ಣಗೆ ಗಾಳಿ ಬೀಸಿ ನೀರಿನ ಮೇಲೆ ದೂರ ಹೋಗುತ್ತಿತ್ತು.

ಸರ್ ಎದೆಮಟ್ಟದ ರಬ್ಬರ್ ಪ್ಯಾಂಟು ಹಾಕಿ, ಸೊಂಟಕ್ಕೆ ಬೆಲ್ಟು ಬಿಗಿದು, ಅದರ ಮೇಲೆ ದಪ್ಪ ಕೋಟು ತೊಟ್ಟು ನೀರಿಗಿಳಿದರು. ಕಪ್ಪು ತಲೆಯದನ್ನು ಬೀಸಿದರು. ಎಳೆದು, ನಿಲ್ಲಿಸಿ, ಎಳೆದು, ನಿಲ್ಲಿಸಿದಾಗ ಕೋಲು ಬಾಗಿತು. ಬಹಳ ಹೊತ್ತಿನ ಮೇಲೆ ಬಲೆಯಲ್ಲಿ ಬಂದದ್ದು ನಾವಿಬ್ಬರೂ ಕಣ್ಣಾರೆ ಕಂಡ ಮೊದಲ ಟ್ರೌಟ್. ಮೈಯುದ್ದಕ್ಕೂ ಗುಲಾಬಿ ಪಟ್ಟೆ, ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ನಾನು ಓದಿದ ಪುಸ್ತಕದಲ್ಲಿ ಅದು ಕಪ್ಪು ಬಿಳುಪಿನಲ್ಲಿತ್ತು.

“ಇದ್ಕೇನಾ ನಾವು ಇಷ್ಟ್ ವರ್ಸ ಕಟ್ಟುದ್ದು?” ಮಹದೇವಮ್ಮ ಬಗ್ಗಿ ನೋಡಿದಳು. “ಕಟ್ಬೋದು ಬುಡಿ. ಮೊಕ ಚೆಂದಾಗ್ ಅದ.”

ಸರ್ ಅದನ್ನು ನೀರಿಗೆ ಬಿಟ್ಟರು. “ಇನ್ನೊಂದು ಕೋಲನ್ನೂ ಸಿದ್ಧ ಮಾಡಿ ಮಹದೇವಮ್ಮ,” ಎಂದರು. ಸಾಮಾನು ಇಟ್ಟಿದ್ದ ಗುಡ್ಡದ ಮೇಲಕ್ಕೆ ನಾನು ಫ್ಲಾಸ್ಕ್ ತರಲು ಹೋದೆ. ತಿರುಗಿ ನೋಡಿದಾಗ ಅವಳು ಡಬ್ಬಿಯ ಮೇಲೆ ಬಗ್ಗಿ ದಾರಕ್ಕೆ ಗಂಟು ಹಾಕುತ್ತಿದ್ದಳು. ಯಾವುದನ್ನು ಕಟ್ಟಿದಳು ಎಂದು ನೋಡದೆ ನಾನು ಫ್ಲಾಸ್ಕ್ ಹಿಡಿದು ದಡಕ್ಕೆ ಇಳಿದು ಬಂದೆ.

ಆಚೆ ಸ್ವಲ್ಪ ದೂರದಲ್ಲಿ ಮರಿಮೀನುಗಳು ಚಿಲ್ಲನೆ ಹಾರಿದವು. ದೊಡ್ಡದೊಂದು ಬೆನ್ನಟ್ಟಿರಬೇಕು. ಸರ್ ಅದನ್ನು ನೋಡಿ ಇನ್ನೆರಡು ಹೆಜ್ಜೆ ಮುಂದೆ ಇಟ್ಟರು. ಅದು ಅಣೆಕಟ್ಟಿನಿಂದ ಆದ ಕೆರೆ, ಅಣೆ ಕಟ್ಟುವ ಮೊದಲು ಅಲ್ಲಿ ಒಂದು ಹಳ್ಳ ಹರಿಯುತ್ತಿತ್ತಂತೆ. ಅದರ ದಂಡೆ ನೀರಿನ ಕೆಳಗೆ ಹಾಗೇ ಇತ್ತು. ಒಂದು ಹೆಜ್ಜೆಯಲ್ಲಿ ಸೊಂಟದ ನೀರು, ಮುಂದಿನ ಹೆಜ್ಜೆಯಲ್ಲಿ ನೆಲವೇ ಇಲ್ಲ.

ಕೂಗು ಇಲ್ಲ, ಏನೂ ಇಲ್ಲ. ಅದು ನನ್ನ ತಲೆಯಲ್ಲಿ ಇಂದಿಗೂ ಸದ್ದಿಲ್ಲದೆ ನಡೆಯುತ್ತದೆ. ಹಲ್ಲುಜ್ಜುವಾಗ, ಬಸ್ಸು ಕಾಯುವಾಗ, ಇದ್ದಕ್ಕಿದ್ದಂತೆ ಟೋಪಿ ಮಾತ್ರ ನೀರಿನ ಮೇಲೆ ಕಾಣುತ್ತದೆ. ಆಮೇಲೆ ಮುಖ ಮೇಲೆ ಬಂತು. ಬೆಲ್ಟಿನಿಂದಾಗಿ ಪ್ಯಾಂಟಿನೊಳಗೆ ಗಾಳಿ ಉಳಿದಿತ್ತು. ಕಾಲು ಮೇಲೆ ತೇಲುತ್ತಿತ್ತು, ತಲೆ ಕೆಳಗೆ ಹೋಗುತ್ತಿತ್ತು. ಅವರಿಗೆ ಈಜು ಗೊತ್ತು, ಆದರೆ ಬಲಭುಜ ಹಿಂದೆಯೇ ಕೆಟ್ಟಿತ್ತು. ಆ ನೀರಿನ ಚಳಿ ಉಸಿರನ್ನೇ ಕಟ್ಟುವಂಥದು. ಕೈ ಎತ್ತಿದಾಗಲೆಲ್ಲ ಮುಳುಗುತ್ತಿದ್ದರು. ಗಾಳಿ ಅವರನ್ನು ನಿಧಾನವಾಗಿ ನಮ್ಮಿಂದ ದೂರ ಒಯ್ಯುತ್ತಿತ್ತು. ನಮ್ಮಿಬ್ಬರಿಗೂ ಈಜು ಬಾರದು. ನಾನು ಗೇಟಿನ ಕಡೆ ತಿರುಗಿ ಡ್ರೈವರನ್ನು ಕೂಗಿದೆ. ಗಾಳಿಗೆ ನನ್ನ ಧ್ವನಿ ನನಗೇ ವಾಪಸ್ಸು ಬಂತು.

“ಕೈ ಎತ್ಬ್ಯಾಡಿ ಸಾ! ಅಂಗಾತ ಮನೀಕಳಿ! ಆಕಾಸ ನೋಡ್ಕಂಡು ಮನೀಕಳಿ!” ಮಹದೇವಮ್ಮ ಕೂಗಿದಳು. ಸರ್‌ಗೆ ಕೇಳಿಸಿತು. ಮಲಗಿದರು. ಮೂಗು, ಮೀಸೆ, ಕೋಟಿನ ಎದೆ ಮಾತ್ರ ಮೇಲಿದ್ದವು.

ಅವಳು ಎರಡನೆಯ ಕೋಲನ್ನು ಎತ್ತಿಕೊಂಡು ಮೊಣಕಾಲಿನ ತನಕ ನೀರಿಗೆ ಇಳಿದಳು. ಮೊದಲ ಬೀಸು ಸಾಲದೆ ಬಿತ್ತು. ಎರಡನೆಯದು ಗಾಳಿಗೆ ಅತ್ತ ಹೋಯಿತು. ನಾನು ಅವಳ ಹಿಂದೆ ನಿಂತು ಏನೇನೋ ಹೇಳುತ್ತಿದ್ದೆ. “ಬಾಯ್ ಮುಚ್ಕಳಮ್ಮಿ ಒಂದ್ ಗಳಿಗೆ,” ಅಂದಳು. ಮತ್ತೆ ಬೀಸಿದಳು. ದಾರ ಉದ್ದಕ್ಕೆ ಬಿಚ್ಚಿಕೊಂಡು ಹೋಗಿ ಅವರ ಎದೆಯ ಮೇಲೆ ಅಡ್ಡಲಾಗಿ ಇಳಿಯಿತು. ಊರ ಕೆರೆಯಲ್ಲಿ ಮೊರದೊಳಗೆ ಇಳಿಯುತ್ತಿತ್ತಲ್ಲ, ಹಾಗೆಯೇ. ಒಂದು ಗೇಣು ಎಳೆದಳು. ನಿಲ್ಲಿಸಿದಳು. ಮತ್ತೊಂದು ಗೇಣು. ಕೊಕ್ಕೆ ಕೋಟಿಗೆ ಕಚ್ಚಿತು. ದಾರ ಬಿಗಿಯಾಯಿತು.

ಆಗ ನನಗೆ ಡಬ್ಬಿ ನೆನಪಾಯಿತು. ಕೆಂಪೋ ಕಪ್ಪೋ? ಎಲ್ಲ ಭಾರವೂ ಹಿಂದಿನ ಕೊಕ್ಕೆಯ ಮೇಲಿತ್ತು, ಹಿಂದಿನ ಕೊಕ್ಕೆಯ ಭಾರ ಆ ಜೋಡಣೆಯ ಮೇಲೆ. ಅಷ್ಟು ದೂರಕ್ಕೆ ತಲೆಯ ಬಣ್ಣ ಕಾಣುವುದಿಲ್ಲ. ನಾನು ಕೂಗಿದ್ದು ಒಂದೇ ಮಾತು. “ಎಳಿ ಮಹದೇವಮ್ಮ, ಬೇಗ ಎಳಿ!”

ಅವಳು ಎಳೆಯಲಿಲ್ಲ. ಕೋಲನ್ನು ಬಗ್ಗಿಸಿ, ದಾರ ಸಡಿಲವಾಗದಷ್ಟು ಮಾತ್ರ ಬಿಗಿ ಹಿಡಿದು, ದಡದಗುಂಟ ಎಡಕ್ಕೆ ನಡೆಯತೊಡಗಿದಳು. ಅಲ್ಲಿ ಜೊಂಡು ಬೆಳೆದ ಒಂದು ಮೂಲೆ ನೀರಿನೊಳಕ್ಕೆ ಚಾಚಿಕೊಂಡಿತ್ತು. ಗಾಳಿಗೆ ಎದುರಾಗಿ ತರಲು ಹೋಗದೆ, ಗಾಳಿ ಒಯ್ಯುವುದನ್ನೇ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಒಂದು ಹೆಜ್ಜೆ ಇಟ್ಟು ನಿಲ್ಲುವಳು. ಸರ್ ಮೈ ಇಷ್ಟಿಷ್ಟೇ ಅತ್ತ ತಿರುಗುವುದು. ಮತ್ತೆ ಒಂದು ಹೆಜ್ಜೆ. ನಡುವೆ ಒಮ್ಮೆ ಅವರು ಕೆಮ್ಮಿ ಒದ್ದಾಡಿದಾಗ ಅವಳು ಕೈಯಲ್ಲಿದ್ದ ದಾರವನ್ನು ಬಿಟ್ಟುಕೊಟ್ಟಳು. ಬಿಟ್ಟೇಬಿಟ್ಟಳಲ್ಲ ಎಂದು ನಾನು ಕೂಗಿಕೊಂಡೆ. ಅವರು ಶಾಂತರಾದ ಮೇಲೆ ಮತ್ತೆ ಅಷ್ಟನ್ನೂ ಸುತ್ತಿಕೊಂಡಳು. ಸಾಲಿನಲ್ಲಿ ಕೂತಾಗ ಒಂದು ನಿಮಿಷ ಸುಮ್ಮನಿರಲಾಗದ ಹೆಂಗಸು. ಆ ಹೊತ್ತಿನಲ್ಲಿ ಅವಳ ಕೈಯಲ್ಲಿದ್ದ ತಾಳ್ಮೆಯನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ.

ಜೊಂಡಿನ ಮೂಲೆಯಲ್ಲಿ ನೀರು ಸೊಂಟಕ್ಕೂ ಇರಲಿಲ್ಲ. ಕೋಟಿನ ಕಾಲರ್ ಕೈಗೆ ಎಟುಕುವಷ್ಟು ಹತ್ತಿರ ಬಂದಾಗ ಅವಳು ಕೋಲನ್ನು ನನ್ನ ಕೈಗೆ ಕೊಟ್ಟು, ತಾನೇ ಮುಂದೆ ಹೋಗಿ, ಅವರ ಕಂಕುಳಿಗೆ ಎರಡೂ ಕೈ ಹಾಕಿ ಎಳೆದಳು. ನಾನೂ ಹೋಗಿ ಹಿಡಿದೆ. ಮೂವರೂ ಕೆಸರಿನಲ್ಲಿ ಬಿದ್ದೆವು.

ಸರ್ ತುಟಿ ನೀಲಿಯಾಗಿತ್ತು. ಮಹದೇವಮ್ಮ ತನ್ನ ಸ್ವೆಟರ್ ಬಿಚ್ಚಿ ಹೊದಿಸಿದಳು, ಮಂಕಿ ಟೋಪಿ ತೊಡಿಸಿದಳು. ನಾನು ಫ್ಲಾಸ್ಕಿನ ಟೀ ಕುಡಿಸಿದೆ, ಅರ್ಧ ಅವರ ಮೀಸೆಗೆ ಹೋಯಿತು. ಬಣ್ಣ ಸ್ವಲ್ಪ ಮರಳಿದ ಮೇಲೆ ಮಹದೇವಮ್ಮ ತನ್ನ ಎರಡು ಕೈಗಳನ್ನೂ ನೋಡಿಕೊಂಡು, “ನನ್ ಜೀವ್ಮಾನ್ದಲ್ಲಿ ಮುಟ್ಟಿ ದಡುಕ್ ಎಳ್ದ ಮೊದುಲ್ನೇ ಮೀನು ನೀವೇ ಸಾ. ಇವತ್ತು ಮನೇಗೋಗಿ ಎಲ್ಡ್ ಸಲ ಸ್ನಾನ ಮಾಡ್ಬೇಕು,” ಅಂದಳು. ಸರ್ ನಗಲು ಹೋಗಿ ಕೆಮ್ಮಿದರು. ಆ ಕೆಮ್ಮಿನಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ.

ಡ್ರೈವರ್ ಬಂದು ಅವರನ್ನು ಜೀಪಿಗೆ ಹತ್ತಿಸಿದ. ಹೀಟರ್ ಹಾಕಿ ಕೂತೆವು. ಸ್ಟ್ರೀಮರ್ ಇನ್ನೂ ಕೋಟಿನ ಎದೆಯಲ್ಲೇ ಚುಚ್ಚಿಕೊಂಡಿತ್ತು. ಗರಿ ನೆನೆದು ಮುದುರಿತ್ತು. ಬಿಡಿಸಲು ಬಗ್ಗಿದೆ. ತಲೆಯ ದಾರ ಕೆಂಪು.

“ಮಹದೇವಮ್ಮ, ಇದು ಹಳೇದು.”

“ಹೂ ಕಣಮ್ಮಿ.”

“ನಿನಗೆ ಗೊತ್ತಿತ್ತಾ?”

“ಗಂಟಾಕುದ್ದೋಳು ನಾನಲ್ವಾ? ಕರೀದು ಒಂದ್ ಮೀನ್ ಎಳ್ಕಬಂತಲ್ಲ, ಇನ್ ಇದ್ರದ್ ನೋಡವ ಅಂತ ಕೆಂಪುನ್ನ ಕಟ್ಟಿದ್ದೆ.” ಒದ್ದೆ ಸೀರೆಯ ಅಂಚು ಹಿಂಡುತ್ತ ಅವಳು ಹೇಳಿದಳು. “ಕೋಲೆತ್ಕಂಡಾಗ್ಲೇ ಗ್ಯಪ್ತಿ ಬಂತು. ಬದ್ಲಾಯ್ಸಾಕೆ ಹೊತ್ತೆಲ್ಲಿತ್ತು? ಕಿತ್ತೋಯ್ತದೆ ಅಂತ ಗೊತ್ತಿದ್ದುದ್ಕೇ ಕಣಮ್ಮಿ ನಿಧಾನುಕ್ ಕರ್ದದ್ದು. ಕರೀದೇನಾರ ಆಗಿದ್ರೆ, ಗಟ್ಟಿಯಾಗ್ ಅದ ಅಂತ ನೀನೇಳ್ದಂಗೆ ಜೋರಾಗ್ ಎಳ್ದುಬುಡ್ತಿದ್ದೆ. ಕೋಟಾರ ಅರ್ದೋಗ್ತಿತ್ತು, ದಾರವಾರ ತುಂಡಾಗ್ತಿತ್ತು.”

ಹುಡುಗಿಯರೇ, ನಾನು ತಪಾಸಣೆಯ ಮೇಜಿನಲ್ಲಿ ಜೀವಮಾನವೆಲ್ಲ ಗಟ್ಟಿಯಾದುದನ್ನು ಆರಿಸಿ, ಗಟ್ಟಿಯಿಲ್ಲದುದನ್ನು ಬಿಸಾಡಿದವಳು. ಗಟ್ಟಿಯಿಲ್ಲದುದು ಕೈಯಲ್ಲಿದ್ದಾಗ ಅದರ ಮಿತಿಯನ್ನು ಅರಿತು ಅದಕ್ಕೆ ತಕ್ಕಂತೆ ನಡೆಯುವುದೂ ಒಂದು ವಿದ್ಯೆ ಎಂದು ಆ ಜೀಪಿನಲ್ಲಿ ಕಂಡೆ. ಅದನ್ನು ಕಲಿಸಿದವರು ಪೊನ್ನಪ್ಪ ಸರ್ ಅವರೇ, ಏರಿಯ ಮೇಲೆ, ಗೆಂಡೆಮೀನಿನ ನೆಪದಲ್ಲಿ. ಆ ದಿನ ಅವರ ಪಾಠ ಅವರಿಗೇ ವಾಪಸ್ಸು ಬಂತು. ಈಗಲೂ ಅವರು ವಾರಕ್ಕೊಮ್ಮೆ ಘಟಕಕ್ಕೆ ಬರುತ್ತಾರೆ, ಈಗಲೂ ಅವರ ರೇಗು ಆಟೋದವರಿಗೆ ಕೇಳುತ್ತದೆ. ಕೇಳಿದಾಗ ಬೇಸರಪಡಬೇಡಿ. ಅದು ಕೇಳದೇ ಹೋಗಬಹುದಾಗಿದ್ದ ದಿನವೊಂದನ್ನು ನಾನು ನೋಡಿದ್ದೇನೆ.

ಇನ್ನು ಉಳಿದದ್ದು ಒಂದೇ. ಕೋಟಿನಿಂದ ಬಿಡಿಸಿದ ಸ್ಟ್ರೀಮರನ್ನು ಸರ್ ಕೇಳಿ ತೆಗೆದುಕೊಂಡರು. ಒಂದು ಕೈಯಲ್ಲಿ ಕೆಂಪು ತಲೆ ಹಿಡಿದು, ಇನ್ನೊಂದರಲ್ಲಿ ಹಿಂದಿನ ಕೊಕ್ಕೆ ಹಿಡಿದು, ಪ್ರತಿಯೊಂದು ಸ್ಟ್ರೀಮರಿಗೂ ಮಾಡುವ ಹಾಗೆ ಮೆಲ್ಲಗೆ ಒಂದು ಸಲ ಜಗ್ಗಿದರು.

ಕೊಕ್ಕೆ ಸರ್ರನೆ ಕಳಚಿ ಅವರ ಅಂಗೈಗೆ ಬಂತು.

ಸರ್ ಆ ಕೊಕ್ಕೆಯನ್ನೇ ನೋಡುತ್ತ ಕೂತರು. ಹಿಂದಿನ ಸೀಟಿನಿಂದ ಮಹದೇವಮ್ಮ ಬಗ್ಗಿ ಅದನ್ನು ನೋಡಿದಳು, ಹಣೆಯ ಮೇಲೆ ಉಳಿದಿದ್ದಷ್ಟು ವಿಭೂತಿಯನ್ನು ಮುಟ್ಟಿಕೊಂಡಳು. ಆಮೇಲೆ ಹೇಳಿದಳು:

“ಆ ಗಿರಾಕಿಗಳು ಹೇಳುದ್ದು ಸುಳ್ಳಲ್ಲ ಬುಡಿ ಸಾ.”